ಟ್ಯಾಂಕಿನ ಮೇಲಿನ ಎಣ್ಣೆ

ಜೊತೆಗೆ ಕೆಲಸ ಮಾಡುವ ದೇಜಪ್ಪಣ್ಣನ ಎರಡೂ ಕಣ್ಣಿಗೆ ಕಟ್ಟಿದ ಬ್ಯಾಂಡೇಜು ನೋಡಿಕೊಂಡು ಅವನು ಆಸ್ಪತ್ರೆಯಿಂದ ಬಂದ. ರಿಫೈನರಿಯ ಪೈಪು ಒಡೆದು ಬಿಸಿ ಕಚ್ಚಾ ಎಣ್ಣೆ ದೇಜಪ್ಪಣ್ಣನ ಮುಖಕ್ಕೆ ಚಿಮ್ಮಿತ್ತು. ಎಣ್ಣೆಯ ಜೊತೆ ಹರಿದ ಉಪ್ಪುನೀರು ಆ ಪೈಪನ್ನು ಒಳಗಿನಿಂದಲೇ ತಿಂದುಹಾಕಿತ್ತು. ವಾರಕ್ಕೊಮ್ಮೆ ಅದರ ಎಣ್ಣೆಯನ್ನು ಸೀಸೆಗೆ ಹಿಡಿದು, ಸೀಲು ಹಾಕಿ, ಉಪ್ಪಿನ ಪರೀಕ್ಷೆಗೆಂದು ಲ್ಯಾಬಿಗೆ ಕೊಡುವುದು ದೇಜಪ್ಪಣ್ಣನದಲ್ಲ, ಅವನದೇ ಕೆಲಸ.

ಅವನು ನೆಟ್ಟಗೆ ಲ್ಯಾಬಿಗೆ ಹೋದ.

“ಮೇಡಂ, ನಿಮ್ಮ ವರದಿಯಲ್ಲಿ ಉಪ್ಪಿಲ್ಲ ಅಂತ ಬಂದದ್ದು ನನ್ನಿಂದ. ಈ ಬಿಸಿಲಿಗೆ ಪೈಪಿನವರೆಗೆ ಯಾರು ಹೋಗ್ತಾರೆ ಅಂತ ಇಲ್ಲೇ ಟ್ಯಾಂಕಿನ ಮೇಲಿಂದ ಸೀಸೆ ತುಂಬಿಸ್ತಿದ್ದೆ. ಅಲ್ಲಿ ಉಪ್ಪುನೀರೆಲ್ಲ ಅಡಿಗೆ ಕೂತಿರ್ತದೆ. ನಿಮಗೆ ಉಪ್ಪು ಸಿಗುವುದಾದ್ರೂ ಹೇಗೆ?”

ಲ್ಯಾಬಿನ ಮೇಡಂ ತಲೆಯೆತ್ತಲಿಲ್ಲ.

“ಮ್ಯಾನೇಜರ್ ಹತ್ರ ನಾನೇ ಹೇಳ್ತೇನೆ,” ಎಂದ ಅವನು. “ ನಿಮ್ಮದೇನೂ ತಪ್ಪಿಲ್ಲ ಅಂತ ಸಹ ಹೇಳ್ತೇನೆ.”

“ಸ್ವಲ್ಪ ಕೂತ್ಕೊಳ್ಳಿ,” ಎಂದರು ಮೇಡಂ.

ಅವರು ಎದ್ದು ಹೋಗಿ ಮೂಲೆಯ ಕಪಾಟು ತೆರೆದರು. ಅವನು ತಂದುಕೊಟ್ಟಿದ್ದ ಸೀಸೆಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು. ಒಂದರ ಸೀಲೂ ಒಡೆದಿರಲಿಲ್ಲ.