ಎರಡನೇ ಪೆಟ್ಟು

ಧಡ್! ತಗಡಿನಿಂದ ಒತ್ತಿದ ಮುಚ್ಚಳ ತೆಗೆಯಲು ಹೋದ ರೋಬೋಟಿನ ಎರಡು ಉಕ್ಕಿನ ಬೆರಳುಗಳು ಪ್ರೆಸ್ ಮಷಿನ್ನಿನ ಅಡಿ ಸಿಕ್ಕಿ ಅಪ್ಪಚ್ಚಿಯಾದವು.

ಹೇಮಾ ತನ್ನ ಬೆರಳುಗಳನ್ನು ನೋಡಿಕೊಂಡಳು. ಚಹಾದ ಹೊತ್ತಿನ ತನಕ ಆ ಜಾಗದಲ್ಲಿ ಕೈ ಆಡಿಸುತ್ತಿದ್ದವಳು ಅವಳೇ. ಹಿಟ್ನಾಳದ ಈ ಡಬ್ಬಿ ಕಾರ್ಖಾನೆಗೆ ರೋಬೋಟ್ ಒಗ್ಗುತ್ತದೋ ಇಲ್ಲವೋ ತೋರಿಸಲೆಂದು ಗಂಗಾವತಿಯಿಂದ ಬಂದ ಇಂಜಿನಿಯರ್ ನಾಹೀದಾ, "ಅಕ್ಕಾರ, ತುಸು ಈ ಕಡೆ ಬರ್ರಿ" ಎಂದು ಅವಳನ್ನು ಸರಿಸಿ ಅದನ್ನು ನಿಲ್ಲಿಸಿದ್ದಳು. 'ನನ್ನ ಅನ್ನಕ್ಕ ಕಲ್ಲು ಹಾಕಾಕ ಬಂದೈತಿ' ಎಂದು ಹೇಮಾ ಒಳಗೊಳಗೇ ಅದಕ್ಕೆ ಶಾಪ ಹಾಕುತ್ತಿದ್ದಳು.

"ಏನ್ ಕಲಿಸೀರಿ ಮೇಡಂ ಇದಕ್ಕ? ಒಂದ ಮುಚ್ಚಳ ತೆಗಿಯಾಕ ಬರವಲ್ದು!" ಮಾಲೀಕ ಗಾದಿಲಿಂಗಪ್ಪ ರೇಗಿದ.

ನಾಹೀದಾ ಲ್ಯಾಪ್‌ಟಾಪ್ ನೋಡಿ ಬಿಳಿಚಿಕೊಂಡಳು. "ಇದರ ತಪ್ಪಿಲ್ರಿ. ಒತ್ತು ಅಂತ ರೋಬೋಟ್ ಹೇಳಿದ್ದು ಒಂದ ಸಲ. ನಿಮ್ಮ ಮಷಿನ್ ಒತ್ತಿದ್ದು ಎರಡ ಸಲ. ಎರಡನೇ ಪೆಟ್ಟು ತಾನಾಗೇ ಬಿದ್ದೈತಿ."

"ತಾನಾಗೇ ಹೆಂಗ್ ಬೀಳತೈತ್ರಿ? ಇಷ್ಟು ವರ್ಷ..." ಎನ್ನುತ್ತ ಗಾದಿಲಿಂಗಪ್ಪ ಮಷಿನ್ನಿನತ್ತ ಕೈ ತೋರಿಸಿದ.

ಎಲ್ಲರ ಕಣ್ಣೂ ಮೂಲೆಯಲ್ಲಿ ಡಬ್ಬಿ ಜೋಡಿಸುತ್ತಿದ್ದ ಹೇಮಾಳ ಗಂಡ ಯಂಕೇಶನ ಬಲಗೈಯತ್ತ ಹೊರಳಿದವು. ಹೋದ ವರ್ಷ ಇದೇ ಮಷಿನ್ ಆ ಕೈಯ ಎರಡು ಬೆರಳು ತಿಂದಿತ್ತು. ಆಮೇಲೆ ಅವನ ಜಾಗಕ್ಕೆ ಹೇಮಾ ಬಂದಳು. ಕುಡಿದು ಬಂದಿದ್ದ ಎಂದಿದ್ದ ಮಾಲೀಕ. ತೂಕಡಿಸಿರಬೇಕು ಎಂದಿದ್ದರು ಜೊತೆಯವರು. "ನಿನ್ನ ಗ್ಯಾನ ಯಾವಾಕಿ ಮ್ಯಾಲಿತ್ತು?" ಎಂದು ಮನೆಯಲ್ಲಿ ಹಂಗಿಸಿದವಳು ಹೇಮಾಳೇ. ಎಲ್ಲರೂ ಅಂದು ಅಂದು, ಕೊನೆಗೆ ಅವನೂ ತಪ್ಪು ತನ್ನದೇ ಎಂದು ನಂಬಿಬಿಟ್ಟಿದ್ದ.

ಯಂಕೇಶ ಎದ್ದು ಬಂದು ಚಪ್ಪಟೆಯಾದ ಬೆರಳುಗಳನ್ನು ದಿಟ್ಟಿಸಿದ.

"ಇದಕ್ಕ ಯಾವಾಕಿ ಗ್ಯಾನಾನೂ ಇರಾಂಗಿಲ್ಲಲ್ಲ, ಹೇಮಾ?" ಎಂದ, ಮೆಲ್ಲಗೆ.



"ಒಂದ ಸಲ ಆಗಿದ್ದಕ್ಕ ಮಷಿನ್ ಕೆಟ್ಟೈತಿ ಅಂದ್ರ ಹೆಂಗ?" ಗಾದಿಲಿಂಗಪ್ಪ ಬೆವರು ಒರೆಸಿಕೊಂಡ. "ಮತ್ತೊಮ್ಮೆ ರೋಬೋಟಿನ ಕೈಲೆ ತಗಡ ಇಡಸ್ರಿ ಮೇಡಂ, ನೋಡೂಣು."

"ಹೆಂಗ್ ಇಡಸ್ಲಿ ಸರ್? ಬ್ಯಾರೆ ಬೆರಳು ತಂದಿಲ್ಲ. ಭಾಳ ತುಟ್ಟಿ ಅವು."

"ಹೌದೇನು? ಹಂಗಾರ ಇರ್ಲಿ. ಹೇಮಾ, ಬಾರವ್ವ, ನೀನs ಒಂದ ತಗಡ ಇಟ್ಟು ತೋರಸು."

ರೂಢಿಯಂತೆ ಹೇಮಾಳ ಕಾಲು ಒಂದು ಹೆಜ್ಜೆ ಮುಂದೆ ಹೋಗಿಯೇಬಿಟ್ಟಿತು. ಅಲ್ಲೇ ನಿಂತಳು. ಒಂದು ತಗಡು ಎತ್ತಿ ಮಾಲೀಕನ ಮುಂದೆ ಹಿಡಿದಳು.

"ನೀವs ಇಡ್ರಿ, ಸಾವ್ಕಾರ್ರ."

ಗಾದಿಲಿಂಗಪ್ಪನ ಎರಡೂ ಕೈ ತಮ್ಮಷ್ಟಕ್ಕೆ ತಾವೇ ಬೆನ್ನ ಹಿಂದೆ ಸರಿದವು.