ಗುದ್ದಿದವನ ಪಾಲಿಸಿ

ಬೀಗದಣ್ಣ ಕಾರಿನ ಹಿಂಭಾಗಕ್ಕೆ ಮೂಗು ತಾಗಿಸಿಕೊಂಡು ಉಗುರಿನಿಂದ ಕೆರೆಯುತ್ತಿದ್ದ. ಬಿಳಿ ಕಾರಿನ ಮೇಲೆ ಹಸಿರು ಗೀರು. ಡಿಕ್ಕಿ ಒಳಕ್ಕೆ ಕುಸಿದು, ನೆಗ್ಗಿದ ತಗಡು ಎಡಗಡೆ ಚಕ್ರವನ್ನು ಕಚ್ಚಿ ಹಿಡಿದಿತ್ತು. ಮನೆ ಮುಂದೆ ತೆಪ್ಪಗೆ ನಿಂತಿದ್ದ ಗಾಡಿಗೆ ಯಾರೋ ಗುದ್ದಿ ಜಾಗ ಖಾಲಿ ಮಾಡಿದ್ದರು.

“ಹೋಗ್ಲಿ ಬಿಡಿ ರೀ,” ಬಾಗಿಲಲ್ಲಿ ಊರುಗೋಲು ಹಿಡಿದು ನಿಂತಿದ್ದ ಹೆಂಡತಿ ಅಂದಳು. “ಕೆದಕಿದಷ್ಟೂ ನಮಗೇ ತೊಂದರೆ.”

“ನಮಗ್ಯಾಕೆ? ಗುದ್ದಿದ ಕುರುಡನಿಗೆ ತೊಂದರೆ! ಆಸ್ಪತ್ರೆಗೆ ನೀನೇನು ಬಸ್ ಹತ್ತಿ ಹೋಗ್ತೀಯಾ?”

ಮಂಡಿಯ ಆಪರೇಷನ್ ಆದ ಮೇಲೆ ಅವಳು ವ್ಯಾಯಾಮಕ್ಕೆ ವಾರವಾರ ಹೋಗಲೇಬೇಕಿತ್ತು. ತಪ್ಪಿಸಿದರೆ ಕಾಲು ಮಡಚಲು ಬಾರದ ಹಾಗೆ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಬಸ್ಸಿನ ಮೆಟ್ಟಿಲು ಅವಳಿಗೆ ಬೆಟ್ಟ. ಈಗ ಆ ಕಾರೇ ಅವಳ ಕಾಲು.

ವಿಮೆ ಇರುವುದು ಮತ್ಯಾಕೆ? ಬೀಗದಣ್ಣ ಸೀದಾ ಏಜೆಂಟನ ಕೋಣೆಗೆ ನುಗ್ಗಿದ.

“ನಿಮ್ಮದು ಕಡಿಮೆ ಕಂತಿನ ಪಾಲಿಸಿ, ಬೀಗದಣ್ಣ,” ಏಜೆಂಟ್ ನಿಧಾನವಾಗಿ ಹೇಳಿದ. “ನಿಮ್ಮ ಗಾಡಿಯಿಂದ ಬೇರೆಯವರಿಗೆ ನಷ್ಟ ಆದ್ರೆ ಕಂಪನಿ ಕೊಡುತ್ತೆ. ನಿಮ್ಮ ಗಾಡಿಗೇ ಆದ್ರೆ ಇಲ್ಲ.”

“ಅಂದ್ರೆ ಇಷ್ಟು ವರ್ಷ ದುಡ್ಡು ಕಟ್ಟಿದ್ದು ಊರವರಿಗೋಸ್ಕರವಾ? ಬಾವಿ ತೋಡೋನು ನಾನು, ನೀರು ಸೇದೋನು ಪಕ್ಕದ್ಮನೆಯವನಾ?”

“ಎರಡೂ ಸೇರಿರೋ ಪಾಲಿಸಿ ಮಾಡ್ಸಿ ಅಂದೆ. ‘ನನಗೆ ಟೋಪಿ ಹಾಕ್ಬೇಡ’ ಅಂದ್ರಿ.”

ಅಂದದ್ದು ನಿಜ. ನಿಜ ಕೇಳಿದರೆ ಬೀಗದಣ್ಣನಿಗೆ ಸಿಟ್ಟು ಇನ್ನೊಂದು ಗೇಣು ಏರುತ್ತಿತ್ತು.

“ನಿಮಗೆ ವಸೂಲಿ ಒಂದೇ ಗೊತ್ತಿರೋದು. ‘ಕಂತು ಕಟ್ಟಿ’ ಅಂತ ವರ್ಷಕ್ಕೆ ಎರಡೆರಡು ಸಲ ಮೆಸೇಜು! ಮರ್ಯಾದೆ ಇದೆಯಾ?”

“ಅದು ಎರಡು ಸಲ ಯಾಕೆ ಬರುತ್ತೆ ಅಂದ್ರೆ—”

“ಪುರಾಣ ಬೇಡ! ನನ್ನ ನಷ್ಟ ಯಾರು ಕೊಡ್ತಾರೆ, ಅದು ಹೇಳು.”

“ಗುದ್ದಿದವರನ್ನ ಹಿಡೀರಿ. ಅವರ ಪಾಲಿಸಿಯಿಂದ ನಿಮಗೆ ಬರುತ್ತೆ. ಆದ್ರೆ ಗುದ್ದಿದ ಗಾಡಿ ಬೇರೆಯವರದ್ದಾಗಿರ್ಬೇಕು.”

“ಮತ್ತೆ? ನನಗೆ ನಾನೇ ಗುದ್ಕೊಂಡ್ನಾ?”

ಅವನು ಬಾಗಿಲು ಎಳೆದುಕೊಂಡು ಹೋದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ವಾಲಿತು.

ಹಿಡಿಯಲು ಅವನು ದೂರ ಹೋಗಬೇಕಾಗಿರಲಿಲ್ಲ. ಪಾಚಿಗಟ್ಟಿದ ತೊಟ್ಟಿಯಂಥ ಆ ಹಸಿರು ಬಣ್ಣ ಊರಿನಲ್ಲಿ ಒಂದೇ ಕಾರಿಗಿತ್ತು, ಬಾಮೈದನ ಕಾರಿಗೆ. ಬೆಳಿಗ್ಗೆಯೇ ಗುರುತು ಹತ್ತಿತ್ತು. ಅಲ್ಲವಾಗಿರಲಿ ಎಂದು ಮನಸ್ಸು ಮೊಂಡು ಹಿಡಿದಿತ್ತು ಅಷ್ಟೆ. ಹೆಂಡತಿ ‘ಬಿಡಿ’ ಅಂದದ್ದರ ಗುಟ್ಟು ಈಗ ತಿಳಿಯಿತು. ತಮ್ಮನಿಗೆ ಕಾವಲು ನಿಂತಿದ್ದಾಳೆ!

ಬಾಮೈದನದು ಗಾಜು ಕತ್ತರಿಸುವ ಅಂಗಡಿ. ಹಿಂದಿನ ಓಣಿಯಲ್ಲಿ ಟಾರ್ಪಾಲು ಹೊದ್ದುಕೊಂಡು ಹಸಿರು ಕಾರು ಕಳ್ಳನ ಹಾಗೆ ನಿಂತಿತ್ತು. ಬೀಗದಣ್ಣ ಹೊದಿಕೆ ಎಳೆದು ಬಿಸಾಕಿದ. ಮುಂದಿನ ಒಂದು ದೀಪ ಚೂರು. ಮೂತಿಯ ಮೇಲೆ ಬಿಳಿ ಬಣ್ಣ.

ಜೇಬಿನಿಂದ ಗೊಂಚಲು ತೆಗೆದು, ತಡಕಾಡದೆ ಒಂದು ಕೀ ಹಾಕಿ ತಿರುಗಿಸಿದ. ಬಾಗಿಲು ತೆರೆಯಿತು. ಒಳಗೆ ಕೂತು ಹಾರ್ನ್ ಒತ್ತಿ ಹಿಡಿದ. ಓಣಿಯ ನಾಯಿಗಳೆಲ್ಲ ದನಿಗೂಡಿಸಿದವು.

ಬಾಮೈದ ಅಳತೆಪಟ್ಟಿ ಕೈಯಲ್ಲಿ ಹಿಡಿದೇ ಓಡಿಬಂದ. “ಭಾವಾ! ಲಾಕ್ ಮಾಡಿದ್ನಲ್ಲ, ಹೇಗೆ ತೆಗೆದ್ರಿ?”

“ಬೀಗದವನ ಮುಂದೆ ಬೀಗದ ಮಾತಾ? ಗುದ್ದಿದ್ದು ನೀನೇ ತಾನೆ?”

“ಬ್ರೇಕ್ ಹಿಡೀಲಿಲ್ಲ ಭಾವ. ಇದರ ಬ್ರೇಕು ನಿಮಗೆ ಗೊತ್ತಿಲ್ದೇ ಇರೋದಾ? ಆಗ್ಲೇ ಹೇಳೋಣ ಅಂದ್ರೆ, ಮೊದ್ಲು ಅವರ ಕೋಪ ಇಳೀಲಿ ಅಂದ್ಳು ಅಕ್ಕ.”

“ನನ್ನ ಕೋಪ ಇಳಿಯೋ ಹೊತ್ತಿಗೆ ಅವಳ ಕಾಲು ಕೊರಡಾಗಿರುತ್ತೆ!”

“ಗಾಡಿ ರಿಪೇರಿ ಆಗೋವರೆಗೆ ಅಕ್ಕನ್ನ ನಾನೇ ಆಸ್ಪತ್ರೆಗೆ ಬಿಡ್ತೀನಿ.”

“ಈ ಬ್ರೇಕಿನ ಕಾರಲ್ಲಾ? ಇನ್ನೊಂದು ಮಂಡಿನೂ ಹೋಗ್ಲಿ ಅಂತಾನಾ?”

ಬಾಮೈದನ ಮುಖ ಸಪ್ಪಗಾಯಿತು. ಕೈ ತುಂಬ ಗಾಜಿನ ಗಾಯದ ಕಲೆಗಳು. ಬೀಗದಣ್ಣ ದನಿ ತಗ್ಗಿಸಿದ. “ನಿನ್ನ ಜೇಬಿಗೆ ನಾನು ಕೈ ಹಾಕಲ್ಲ ಮಾರಾಯ. ಈ ಗಾಡಿಗೆ ಪಾಲಿಸಿ ಇದೆ ತಾನೆ?”

“ಇದೆ. ಒಂದು ಕಂತೂ ತಪ್ಪಿಸಿಲ್ಲ. ಆದ್ರೆ ಭಾವ, ಅದು—”

“ಆದ್ರೆ ಗೀದ್ರೆ ಎಲ್ಲ ಆಮೇಲೆ. ನಡಿ.”

ಏಜೆಂಟ್ ವಾಲಿದ ಕ್ಯಾಲೆಂಡರನ್ನು ನೆಟ್ಟಗೆ ಮಾಡುತ್ತಿದ್ದ. ಬೀಗದಣ್ಣ ಬಾಮೈದನನ್ನು ಮುಂದಕ್ಕೆ ತಳ್ಳಿದ.

“ತಗೋ, ಗುದ್ದಿದವನು! ತಪ್ಪು ಒಪ್ಕೊಂಡಿದ್ದಾನೆ. ಪಾಲಿಸಿನೂ ಇದೆ. ಈಗ ಯಾವ ನೆಪ ಹೇಳ್ತೀಯೋ ಹೇಳು.”

ಏಜೆಂಟ್ ಬಾಮೈದನ ಕಡೆ ನೋಡಿದ. “ಹಸಿರು ಕಾರಾ?”

ಬಾಮೈದ ನೆಲ ನೋಡುತ್ತ ತಲೆಯಾಡಿಸಿದ.

“ನೀವಾದ್ರೂ ಇವರಿಗೆ ಹೇಳ್ಬಾರ್ದಾ?”

“ಹೇಳೋಕೆ ಬಿಟ್ರೆ ತಾನೆ?”

“ಏನ್ರೋ ಅದು ಕಣ್ಸನ್ನೆ?” ಬೀಗದಣ್ಣ ಮೇಜು ಗುದ್ದಿದ.

ಏಜೆಂಟ್ ಕುರ್ಚಿ ಎಳೆದು ಅವನನ್ನು ಕೂರಿಸಿದ. “ಆ ಹಳೇ ಕಾರನ್ನ ನೀವು ಇವರಿಗೆ ಮಾರಿದಾಗ, ಹೆಸರು ಬದಲಾಯಿಸಿಕೊಡಿ ಅಂತ ಇವರು ಬೇಡ್ಕೊಂಡ್ರು. ‘ಮನೆಯೊಳಗಿನ ವ್ಯಾಪಾರಕ್ಕೆ ಆಫೀಸು ಯಾಕೋ, ನನ್ಮೇಲೆ ನಂಬಿಕೆ ಇಲ್ವಾ?’ ಅಂತ ಬೈದು ಕಳಿಸಿದ್ರಿ. ಕಾರು ಇನ್ನೂ ನಿಮ್ಮ ಹೆಸರಲ್ಲೇ ಇದೆ. ಕಂತು ಕಟ್ಟೋರು ಇವರು, ಪಾಲಿಸಿ ನಿಮ್ಮದು. ಎರಡನೇ ಮೆಸೇಜು ಅದರದ್ದೇ.”

ಬೀಗದಣ್ಣನ ಕೈ ಜೇಬಿಗಿಳಿದು, ಗೊಂಚಲಿನಲ್ಲಿದ್ದ ಆ ಕೀಯನ್ನು ಹಿಡಿದುಕೊಂಡಿತು. ಅದು ಅವನು ಅರದಿಂದ ಉಜ್ಜಿ ಮಾಡಿದ ಕೀ ಅಲ್ಲ. ಹಿಂದೆ ತಾನು ಆ ಹಸಿರು ಕಾರು ಕೊಂಡ ದಿನ ಅದರ ಜೊತೆಗೇ ಬಂದದ್ದು.

“ಕಂಪನಿ ಕಣ್ಣಲ್ಲಿ,” ಏಜೆಂಟ್ ಅಂದ, “ನಿಮಗೆ ನೀವೇ ಗುದ್ಕೊಂಡಿದ್ದೀರಿ, ಬೀಗದಣ್ಣ.”