ಹಿಚ್ ಕಟ್ಟಿದ ಮೇಸ್ತ್ರಿ ಮಗಳು

ಹೆಣ್ಣುಮಕ್ಕಳಿರುವ ಅಪ್ಪಂದಿರು ಇದನ್ನು ಸ್ವಲ್ಪ ಸಾವಕಾಶವಾಗಿ ಓದಿ... ಉಳಿದವರು ಚಹಾ ಕುಡಿಯುತ್ತಾ ಓದಬಹುದು.

ರಾಣೆಬೆನ್ನೂರು ದಾಟಿದರೆ ಹೈವೇ ಪಕ್ಕದಲ್ಲೇ ಮೌನೇಶಪ್ಪನ ಶೆಡ್. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವುದರಲ್ಲಿ ನಲವತ್ತು ವರ್ಷ ಪಳಗಿದ ಕೈ. ಈಗ ಕಣ್ಣು ಮಂಜು... ಮಂಡಿಯೂ ಕೈಕೊಟ್ಟಿದೆ.

ಮಗಳು ಪೂರ್ಣಿಮಾ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷದಿಂದ ಅಲ್ಲೇ ವೆಲ್ಡಿಂಗ್ ಮಾಡುತ್ತಿದ್ದಳು. ಆದರೂ ಮೌನೇಶಪ್ಪ ಶೆಡ್ಡನ್ನು ತಮ್ಮ ಈರಣ್ಣನ ಮಗನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದ. ಸೋಮವಾರ ಅವರು ಕೀಲಿ ಒಯ್ಯಲು ಬರುವವರಿದ್ದರು.

"ಹೆಣ್ಣುಮಗಳ ಮಾತು ಕೇಳಿ ಯಾರು ಗಾಡಿ ತಂದು ನಿಲ್ಲಸ್ತಾರ?" ಎನ್ನುವುದು ಅವನ ಒಂದೇ ವಾದ.

ಪೂರ್ಣಿಮಾ ಎದುರಾಡಲಿಲ್ಲ. ಊಟ ಮಾತ್ರ ಕಡಿಮೆ ಮಾಡಿದ್ದಳು...

ಶನಿವಾರ ಬೆಳಿಗ್ಗೆ ಒಂದು ದೊಡ್ಡ ಕಾರು ಶೆಡ್ಡಿನ ಮುಂದೆ ಬಂದು ನಿಂತಿತು. ಅದರ ಹಿಂದೆ ಚಕ್ರದ ಮೇಲೆ ಒಂದು ಮನೆ! ಒಳಗೆ ಮಂಚ, ಒಲೆ, ಫ್ರಿಜ್ಜು... ಎದುರಿನ ಚಹಾ ಅಂಗಡಿಯವರೆಲ್ಲ ಎದ್ದು ಬಂದು ನೋಡಿದರು.

ಕಾರಿನಿಂದ ತುಮಕೂರಿನ ಒಬ್ಬ ಉದ್ಯಮಿ ಇಳಿದರು. ಹಿಂದಿನ ಸೀಟಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಗೋಕರ್ಣಕ್ಕೆ ಹೊರಟಿದ್ದರು.

"ಮೇಸ್ತ್ರಿ, ಕಾರಿನ ಹಿಂಭಾಗ ಕುಸಿದಿದೆ. ಸ್ಟೀರಿಂಗ್ ಯಾಕೋ ಹಗುರ ಅನ್ಸುತ್ತೆ. ಲಾರಿ ಪಕ್ಕದಲ್ಲಿ ಹೋದ್ರೆ ಟ್ರೇಲರ್ ಓಲಾಡುತ್ತೆ. ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿಕೊಡಿ, ಸಾಕು."

ಮೌನೇಶಪ್ಪನಿಗೆ ಇದು ಎಡಗೈ ಕೆಲಸ. ಸ್ಪ್ರಿಂಗಿಗೆ ಇಡುವ ಕಬ್ಬಿಣದ ಬ್ಲಾಕು ಎತ್ತಿಕೊಂಡ.

"ಅಪ್ಪಾ, ತಡಿ!" ಎಂದಳು ಪೂರ್ಣಿಮಾ. "ಸಾಹೇಬ್ರ, ಟ್ರೇಲರ್ ಸಿಕ್ಕಿಸೂ ಈ ಹಿಚ್ ಜೋಡಿ ಎರಡು ಉದ್ದನ ರಾಡ್ ಬಂದಿರಬೇಕಲ್ರಿ?"

ಉದ್ಯಮಿ ನಕ್ಕರು. "ಅದಾ? ಎಕ್ಸ್‌ಟ್ರಾ ಕಬ್ಬಿಣ ಅಂತ ಮಂಚದ ಕೆಳಗಿಟ್ಟಿದ್ದೀನಿ. ಪೂಜೆ ಮಾಡಿಸಿ, ನಿಂಬೆಹಣ್ಣು ಕಟ್ಟಿ ಹೊರಟಿದ್ದೀನಮ್ಮಾ, ಏನಾಗಲ್ಲ."

"ನಿಂಬಿಹಣ್ಣು ಕಟ್ಟೀರಿ, ಚಲೋ ಆತು. ರಾಡ್ ಕಟ್ಟಿಲ್ಲಲ್ರಿ!"

ಚಹಾ ಅಂಗಡಿಯವರು ಕಿಸಕ್ಕೆಂದರು. ಉದ್ಯಮಿಯ ಮುಖ ಕೆಂಪಾಯಿತು. ಮೌನೇಶಪ್ಪನ ಕಡೆ ತಿರುಗಿ, "ನೀವು ಹಿರಿಯರು, ಮೇಸ್ತ್ರಿ. ನೀವು ಹೇಳಿದ್ದೇ ಫೈನಲ್. ಆ ಹುಡುಗಿ ಮಾತು ಬಿಡಿ" ಎಂದರು.

ಪೂರ್ಣಿಮಾ ಬೇಸರಿಸಿಕೊಳ್ಳಲಿಲ್ಲ. ಟ್ರೇಲರ್ ಬಿಚ್ಚಿಸಿ, ನೆಲದಿಂದ ಕಾರಿನ ಮುಂದಿನ ಮಡ್‌ಗಾರ್ಡ್‌ವರೆಗೆ ಟೇಪು ಹಿಡಿದಳು. ಮತ್ತೆ ಟ್ರೇಲರ್ ಸಿಕ್ಕಿಸಿ ಅಳೆದಳು. ಕಾರಿನ ಮೂತಿ ಎರಡೂವರೆ ಇಂಚು ಮೇಲೆದ್ದಿತ್ತು...

"ನೋಡಪ್ಪಾ, ಟ್ರೇಲರ್ ಮೂಗು ಕಾರಿನ ಹಿಂಭಾಗ ಅದುಮಿ ಕುಂತೈತಿ. ಅದಕ್ಕ ಮುಂದಿನ ಗಾಲಿ ಮ್ಯಾಲೆ ಭಾರಾನೇ ಇಲ್ಲ. ಸ್ಪ್ರಿಂಗ್ ಗಟ್ಟಿ ಮಾಡಿದ್ರ ಹಿಂಭಾಗ ಏಳತೈತಿ, ನೋಡಾಕ ಚೆಂದ ಕಾಣತೈತಿ. ಆದ್ರ ಮುಂದ ಭಾರ ಬರೂದಿಲ್ಲ. ಅರಬೈಲ್ ಘಟ್ಟದಾಗ ತಿರುವು ಬಂದಾಗ ಈ ಗಾಲಿ ಮಾತು ಕೇಳ್ತಾವೇನು?"

ಎಲ್ಲರೂ ಮೌನೇಶಪ್ಪನ ಬಾಯಿ ನೋಡುತ್ತಿದ್ದರು. ಬ್ಲಾಕು ಇನ್ನೂ ಕೈಯಲ್ಲೇ ಇತ್ತು. "ಹೌದು, ಸ್ಪ್ರಿಂಗೇ ಗಟ್ಟಿ ಮಾಡೋಣ" ಎಂದಿದ್ದರೆ ಅವನ ಮಾನ ಉಳಿಯುತ್ತಿತ್ತು...

ಅವನು ಹಿಂದಿನ ಸೀಟಿನಲ್ಲಿದ್ದ ಮಕ್ಕಳನ್ನು ನೋಡಿದ. ಬ್ಲಾಕು ಕೆಳಗಿಟ್ಟ.

"ಸಾಹೇಬ್ರ, ಈ ಹಿಚ್ಚಿನ ಕೆಲಸ ನನಗ ಗೊತ್ತಿಲ್ರಿ. ಆಕಿಗೆ ಗೊತ್ತೈತಿ. ಆಕಿ ಹೇಳಿದಂಗ ಮಾಡೂದಾದ್ರ ಗಾಡಿ ಇಲ್ಲೇ ಬಿಡ್ರಿ... ಇಲ್ಲಂದ್ರ ನಾನೂ ಮುಟ್ಟೂದಿಲ್ಲ."

ನಲವತ್ತು ವರ್ಷದಲ್ಲಿ "ನನಗ ಗೊತ್ತಿಲ್ಲ" ಎಂದು ಅವನ ಬಾಯಿಂದ ಯಾರೂ ಕೇಳಿರಲಿಲ್ಲ. ಪೂರ್ಣಿಮಾ ಕೂಡ.

ಉದ್ಯಮಿ ಗೊಣಗುತ್ತಲೇ ಒಪ್ಪಿದರು. ಮಂಚದ ಕೆಳಗಿನ ರಾಡುಗಳು ಹೊರಬಂದವು, ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು.

ಪೂರ್ಣಿಮಾ ಟ್ರೇಲರಿನ ಮೂತಿಯನ್ನು ಜಾಕಿನಲ್ಲಿ ಎತ್ತಿ, ಎರಡೂ ಬದಿಗೆ ರಾಡು ಕೂರಿಸಿ, ಚೈನು ಬಿಗಿದಳು. ಅಳೆದಳು. ಒಂದು ಕೊಂಡಿ ಹೆಚ್ಚು ಬಿಗಿದು ಮತ್ತೆ ಅಳೆದಳು. ಹಿಂದೆ ಕೂತಿದ್ದ ಭಾರ ಮುಂದಿನ ಗಾಲಿಗೂ ಟ್ರೇಲರಿನ ಗಾಲಿಗೂ ಹಂಚಿಹೋಯಿತು. ಕಾರು ನೆಟ್ಟಗೆ ನಿಂತಿತು.

ಉದ್ಯಮಿ ಹೈವೇಯಲ್ಲಿ ಒಂದು ಸುತ್ತು ಹಾಕಿ ಬಂದರು. ಇಳಿದವರೇ ಬಗ್ಗಿ ಆ ರಾಡುಗಳನ್ನು ಮುಟ್ಟಿ ನೋಡಿದರು...

ಆಮೇಲೆ ಪೂರ್ಣಿಮಾಳ ಮುಂದೆ ಕೈಮುಗಿದರು.

"ಕ್ಷಮಿಸಿ ಮೇಡಂ. ಎರಡು ಲಾರಿ ಪಕ್ಕದಲ್ಲೇ ಹೋದವು, ಟ್ರೇಲರ್ ಅಲುಗಾಡಲಿಲ್ಲ. ಇಷ್ಟು ದೂರ ನನ್ನ ಮಕ್ಕಳನ್ನ ಹೇಗೆ ಕರ್ಕೊಂಡು ಬಂದೆ ಅಂತ ನೆನೆಸಿಕೊಂಡ್ರೆ ಭಯ ಆಗ್ತಿದೆ... ಇದನ್ನೆಲ್ಲ ಯಾರ ಹತ್ರ ಕಲಿತ್ರಿ?"

ಡಿಪ್ಲೊಮಾ ಎನ್ನುತ್ತಾಳೆ, ಇಲ್ಲ ಮೊಬೈಲಿನ ವಿಡಿಯೋ ಎನ್ನುತ್ತಾಳೆ ಎಂದುಕೊಂಡ ಮೌನೇಶಪ್ಪ. ತಾನಂತೂ ಕಲಿಸಿರಲಿಲ್ಲ... ಶೆಡ್ಡಿಗೆ ಬರಬೇಡ ಎಂದು ಗದರಿದ್ದೇ ಹೆಚ್ಚು.

"ನಮ್ಮಪ್ಪನ ಕಡೆ ರೀ" ಎಂದಳು ಪೂರ್ಣಿಮಾ. "ಗೋವಿನಜೋಳದ ಚೀಲ ಹೇರುವಾಗ ಹಮಾಲರಿಗೆ ಬೈತಿದ್ದ... ಟ್ರೇಲರಿನ್ಯಾಗ ಎಲ್ಲಾ ಮುಂದ ಒಟ್ಟಬ್ಯಾಡ್ರೋ, ಟ್ರ್ಯಾಕ್ಟರ್ ಮೂತಿ ಎತ್ತತೈತಿ ಅಂತ. ನಾ ಸಣ್ಣಾಕಿದ್ದಾಗಿಂದ ಕೇಳೀನಿ. ಇದೂ ಅದ ಲೆಕ್ಕ ರೀ."

ಮೌನೇಶಪ್ಪನಿಗೆ ತಡೆಯಲಾಗಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡು ಎಲ್ಲರೆದುರೇ ಅತ್ತ. ಅಳುತ್ತಲೇ ಎದೆಯುಬ್ಬಿಸಿ ನಿಂತಿದ್ದ...

ಕಾರು ಹೊರಟ ಮೇಲೆ ತಮ್ಮನಿಗೆ ಫೋನ್ ಹಚ್ಚಿದ.

"ಈರಣ್ಣಾ, ಸೋಮವಾರ ಬಾ, ಹೋಳಿಗಿ ಊಟ ಮಾಡ್ಕೊಂಡು ಹೋಗು. ತಪ್ಪು ತಿಳಕೋಬ್ಯಾಡ, ಕೀಲಿ ಮಾತ್ರ ಕೊಡೂದಿಲ್ಲ. ಅದು ಮೇಸ್ತ್ರಿ ಕಡೆ ಐತಿ."

"ಮೇಸ್ತ್ರಿ ಅಂದ್ರ ನೀನ ಅಲ್ಲೇನೋ ಅಣ್ಣಾ?"

"ಅಲ್ಲೋ... ನಾ ಮೇಸ್ತ್ರಿ ಅಪ್ಪ!"

*

ಭಾರ ಎಳೆಯಲು ತಾಕತ್ತು ಸಾಕು... ಭಾರ ಹಂಚಲು ನಂಬಿಕೆ ಬೇಕು.

ಕೆಲಸ ಬಲ್ಲವರೊಬ್ಬರು ನಿಮ್ಮ ಮನೆಯಲ್ಲೂ ಸುಮ್ಮನೆ ನಿಂತಿರಬಹುದು... "ನೀನೇ ಹೇಳು" ಎಂದು ನೀವು ಅವರಿಗೆ ಕೊನೆಯ ಸಲ ಹೇಳಿದ್ದು ಯಾವಾಗ?